ಪಡಸಾಲೆಯ ಇಂಗ್ಲಿಷ್ ಅಂಗಡಿ

ನಮ್ಮ ಟೀಚರಮ್ಮನ ಬಲಗೈಯ ಕಿರುಬೆರಳು ಮಡಚುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಒರಳಿಗೆ ಸಿಕ್ಕಿಕೊಂಡಿತ್ತಂತೆ. ಸೀಮೆಸುಣ್ಣ ಹಿಡಿದರೂ, ಅನ್ನ ಕಲಸಿದರೂ, ಬೆಲ್ಲದ ಅಚ್ಚನ್ನು ಎತ್ತಿ ತೋರಿಸಿದರೂ ಉಳಿದ ಬೆರಳುಗಳು ಕೆಲಸಕ್ಕೆ ಬಾಗುತ್ತಿದ್ದವು. ಅದೊಂದು ಮಾತ್ರ ಊಟದ ಪಂಕ್ತಿಯಿಂದ ಎದ್ದು ನಿಂತ ಮಗುವಿನಂತೆ ನೆಟ್ಟಗೆ ದೂರ ನಿಂತಿರುತ್ತಿತ್ತು.

ಅವರು ಹೋದ ಸುದ್ದಿ ಬಂದಾಗ ನಾನು ಹಿತ್ತಲಲ್ಲಿ ಕುಳಿತು ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದೆ. ದಾವಣಗೆರೆಯಿಂದ ತವರಿಗೆ ಬಂದ ನಾದಿನಿ ಕೈಚೀಲವನ್ನೂ ಇಳಿಸದೆ ನೇರವಾಗಿ ಹಿತ್ತಲಿಗೆ ಬಂದಳು.

"ಅತ್ತಿಗೆಮ್ಮ, ನಮ್ಮ ಟೀಚರಮ್ಮ ಹೋಗ್ಬಿಟ್ರಂತೆ. ಜಗಳೂರಿನಾಗೇ. ಮಣ್ಣಾಗಿ ವಾರಾನೇ ಆಯ್ತಂತೆ."

ಕಲ್ಲಿನ ಮೇಲಿದ್ದ ಹಣ್ಣು ಹಾಗೇ ಉಳಿಯಿತು. ಸುತ್ತಲೂ ಬೀಜಗಳು ಬಿದ್ದಿದ್ದವು. ಕಪ್ಪಗೆ ಹೊಳೆಯುವ ಆ ಬೀಜಗಳೇ ಒಂದು ಕಾಲಕ್ಕೆ ನಮ್ಮ ರೂಪಾಯಿಗಳಾಗಿದ್ದವು. ಈ ಮನೆಯಲ್ಲಿ ಆ ರೂಪಾಯಿ ಚಲಾವಣೆಗೆ ತಂದವರು ಟೀಚರಮ್ಮ.

ನ್ಯಾಮತಿಯ ಪೇಟೆ ಬೀದಿಯಲ್ಲಿ ನಮ್ಮದು ಮುಂದೆ ಕಿರಾಣಿ ಅಂಗಡಿ, ಹಿಂದೆ ಮನೆ. ಎರಡಕ್ಕೂ ನಡುವೆ ಒಂದು ಬಾಗಿಲು. ಆ ಹೊಸ್ತಿಲನ್ನು ಹೆಂಗಸರು ದಾಟುವಂತಿರಲಿಲ್ಲ. ಬೇಳೆ, ಬೆಲ್ಲ, ಎಣ್ಣೆ ಎಲ್ಲವೂ ಆ ಬಾಗಿಲಿನಿಂದಲೇ ಒಳಗೆ ಬರುತ್ತಿತ್ತು, ನಾವು ಹೊರಗೆ ಹೋಗುವುದಿರಲಿಲ್ಲ. ನನ್ನ ತವರು ಚನ್ನಗಿರಿ ಕಡೆಯ ಹಳ್ಳಿ. ಅಲ್ಲಿಯೂ ಅಪ್ಪನೇ ಸಂತೆಗೆ ಹೋಗುತ್ತಿದ್ದರು. ಆದರೂ ಹೊಲಕ್ಕೆ ಬುತ್ತಿ ಒಯ್ಯುವಾಗಲಾದರೂ ಬಿಸಿಲು, ಗಾಳಿ ಮೈಗೆ ತಾಗುತ್ತಿತ್ತು. ಇಲ್ಲಿ ಅದೂ ಇಲ್ಲ. ಹೊಟ್ಟೆಗೆ, ಬಟ್ಟೆಗೆ ಶಿವ ಕಡಿಮೆ ಮಾಡಿರಲಿಲ್ಲ. ಅದನ್ನು ಹೇಳದೆ ಮುಂದಕ್ಕೆ ಹೋದರೆ ಪಾಪ ಬಂದೀತು. ಗಂಡ ಕೈ ಎತ್ತಿದವರಲ್ಲ, ಅತ್ತೆ ಉಪವಾಸ ಕೆಡವಿದವರಲ್ಲ. ಆದರೂ ಸಂತೆಯ ದಿನ ಗೋವಿನಕೋವಿ ಕಡೆಯ ಹೆಂಗಸರು ಅಂಗಡಿಗೆ ಬಂದು, "ಈ ಬ್ಯಾಳೆ ಬ್ಯಾಡ್ರೀ ಸಾವ್ಕಾರ್ರೇ, ಹುಳ ಹಿಡದೈತೆ. ಬ್ಯಾರೆ ಚೀಲ ಬಿಚ್ರಿ!" ಎಂದು ಗದರುವಾಗ ನಾನು ಕೈಯ ಕೆಲಸ ಬಿಟ್ಟು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ. ನನ್ನ ಮಾವನಿಗೆ ಬೇಡ ಎನ್ನುವ ಹೆಂಗಸರೂ ಲೋಕದಲ್ಲಿದ್ದರು!

ಸೀರೆಯದೂ ಹಾಗೆಯೇ. ದೀಪಾವಳಿಗೆ ಮೊದಲು ಜವಳಿ ಅಂಗಡಿಯವನು ಸೀರೆ ಗಂಟನ್ನು ಮನೆಗೇ ಕಳಿಸುತ್ತಿದ್ದ. ಮೊದಲು ಅತ್ತೆ, ಆಮೇಲೆ ನಾದಿನಿ, ಆಮೇಲೆ ಇಬ್ಬರು ವಾರಗಿತ್ತಿಯರು ಆರಿಸುತ್ತಿದ್ದರು. ಕೊನೆಯಲ್ಲಿ ಉಳಿದದ್ದು ನನಗೆ. ಹೆಚ್ಚಾಗಿ ಇಟ್ಟಿಗೆ ಬಣ್ಣದ್ದೇ ಉಳಿಯುತ್ತಿತ್ತು. ಮದುವೆಯಾಗಿ ಬಂದಾಗಿನಿಂದ ನಾನಾಗಿ ಆರಿಸಿಕೊಂಡದ್ದು ಈ ಮನೆಯಲ್ಲಿ ಒಂದು ಹೇರ್‌ಪಿನ್ನೂ ಇರಲಿಲ್ಲ. ಒಂದೇ ಒಂದು ಸೀರೆಯನ್ನು ನಾನೇ ನೋಡಿ, ಮುಟ್ಟಿ, ಇದು ಬೇಕು ಎನ್ನಬೇಕು. ಲಿಂಗಪೂಜೆಗೆ ಕುಳಿತಾಗ ಮನಸ್ಸು ಅಲ್ಲಿಗೇ ಹೋಗುತ್ತಿತ್ತು. ಪೂಜೆಯಲ್ಲಿ ಸೀರೆ ನೆನೆಯುತ್ತೀನಲ್ಲ ಎಂದು ಇನ್ನಷ್ಟು ವಿಭೂತಿ ಹಚ್ಚಿಕೊಳ್ಳುತ್ತಿದ್ದೆ.

ಎಪ್ಪತ್ತರ ದಶಕದ ಕೊನೆಯಲ್ಲಿ ಟೀಚರಮ್ಮ ನಮ್ಮೂರಿನ ಹುಡುಗಿಯರ ಶಾಲೆಗೆ ಬಂದರು. ಮದುವೆಯಾಗಿರಲಿಲ್ಲ. ಹಿತ್ತಲ ಕೋಣೆಯನ್ನು ಮಾವ ಅವರಿಗೆ ಕೊಟ್ಟರು. ಬದಲಿಗೆ ಅವರು ಎಸ್ಸೆಸ್ಸೆಲ್ಸಿಯಲ್ಲಿದ್ದ ನಾದಿನಿಗೂ ಅವಳ ಗೆಳತಿಗೂ ಸಂಜೆ ಇಂಗ್ಲಿಷ್ ಹೇಳಿಕೊಡಬೇಕು. ಹುಡುಗಿಯರು ಪುಸ್ತಕವನ್ನು ಗಿಣಿಯಂತೆ ಒಪ್ಪಿಸುತ್ತಿದ್ದರು, ಬಾಯಿ ಬಿಟ್ಟು ಮಾತಾಡು ಎಂದರೆ ನೆಲ ನೋಡುತ್ತಿದ್ದರು. "ಕೈಗೆ ತಾಗದ ಮಾತು ನಾಲಿಗೆಗೆ ಹತ್ತಲ್ಲ," ಎಂದ ಟೀಚರಮ್ಮ ಒಂದು ಸಂಜೆ ಪಡಸಾಲೆಯಲ್ಲಿ ಅಂಗಡಿ ಹೂಡಿದರು. ಅಡುಗೆಮನೆಯಿಂದ ಬೆಲ್ಲ, ಕೊಬ್ಬರಿ, ಸೋಪು, ಬಾಚಣಿಗೆ, ಎರಡು ಹಳೆಯ ಸೀರೆ ತರಿಸಿ ಜಮಖಾನದ ಮೇಲೆ ಜೋಡಿಸಿದರು. ದುಡ್ಡಿಗೆ ಹುಣಸೆಬೀಜ.

ಅತ್ತೆ ಒಂದೇ ಷರತ್ತು ಹಾಕಿದರು. "ಆಟ ಆದ ಮ್ಯಾಲೆ ಎಲ್ಲಾ ಅದರದರ ಜಾಗಕ್ಕೆ ಹೋಗ್ಬೇಕು ನೋಡ್ರಿ. ಒಂದು ಕೊಬ್ಬರಿ ಬಟ್ಲೂ ಆಚೀಚೆ ಆಗಬಾರ್ದು."

"ಅದೂ ಪಾಠಾನೇ ಬಿಡ್ರಿ ಅಮ್ಮಾರೆ," ಎಂದರು ಟೀಚರಮ್ಮ.

ಇಬ್ಬರು ಹುಡುಗಿಯರಿಗೂ ಶಾಪ್‌ಕೀಪರ್ ಆಗುವ ಆಸೆ. ಕಸ್ಟಮರ್ ಆಗಲು ಯಾರೂ ಇಲ್ಲ. ಕಂಬದ ಹತ್ತಿರ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದ ನನ್ನ ಕಡೆಗೆ ಟೀಚರಮ್ಮ ತಿರುಗಿದರು. "ತಂಗೀ, ನೀನಾದ್ರೂ ಬಾರವ್ವ. ಗಿರಾಕಿ ಇಲ್ದೆ ಅಂಗಡಿ ಹೆಂಗೆ ನಡೀತೈತೆ?"

ನಾನು ಅತ್ತೆಯ ಮುಖ ನೋಡಿದೆ. "ಅಕ್ಕಿ ಆರಿಸ್ತಾನೇ ಆಡ್ಲಿ," ಎಂದರು.

ಹೀಗೆ ನಾನು ಮೊರ ಹಿಡಿದ ಗಿರಾಕಿಯಾದೆ. ನಾದಿನಿ ಮೊದಲ ದಿನವೇ ಹಲ್ಲು ಮುರಿದ ಬಾಚಣಿಗೆಯನ್ನು ನನ್ನ ಮುಂದೆ ಹಿಡಿದು, "ಟೇಕ್ ದಿಸ್, ಮೇಡಂ," ಎಂದಳು. ನಾನು ತೆಗೆದುಕೊಂಡು ಬೀಜ ಕೊಟ್ಟೆ.

"ಮುರಕಲು ಬಾಚಣಿಗೆ ಯಾಕೆ ತಗೊಂಡೆ?"

"ಕೊಟ್ರಲ್ಲ ಟೀಚರಮ್ಮ."

"ಕೊಟ್ಟಿದ್ದೆಲ್ಲಾ ತಗಳ್ಳಾಕೆ ನೀನು ಭಿಕ್ಷಕ್ಕೆ ಬಂದೀಯೋ, ವ್ಯಾಪಾರಕ್ಕೆ ಬಂದೀಯೋ? ನೋ ಅನ್ನು. ಶೋ ಮಿ ಅನದರ್ ಒನ್ ಅನ್ನು."

ಹುಡುಗಿಯರು ಬಿದ್ದು ಬಿದ್ದು ನಕ್ಕರು. ಹಲವು ಸಂಜೆ ಮುರಿದ ಬಾಚಣಿಗೆಯನ್ನೇ ಕೊಂಡೆ. ಟೀಚರಮ್ಮ ಬೈಯಲಿಲ್ಲ, ಅದನ್ನೇ ಮತ್ತೆ ಮತ್ತೆ ನನ್ನ ಮುಂದೆ ಇಡಿಸುತ್ತಿದ್ದರು. ಕೊನೆಗೊಂದು ದಿನ ಅಕ್ಕಿಯನ್ನೇ ನೋಡುತ್ತಾ, "ನೋ. ಶೋ ಮಿ ಅನದರ್ ಒನ್," ಎಂದುಬಿಟ್ಟೆ.

"ಏನಂತಾಳೆ ಅವ್ಳು?" ಎಂದರು ಅತ್ತೆ.

"ಬಾಚಣಿಗೆ ಬ್ಯಾಡ ಅಂತಾಳವ್ವ," ಎಂದಳು ನಾದಿನಿ.

"ಬ್ಯಾಡಾದ್ರೆ ಬಿಡ್ಲಿ. ಅದರಾಗೇನೈತೆ!"

ಅವರಿಗೆ ಅದರಲ್ಲಿ ಏನೂ ಇರಲಿಲ್ಲ. ಅತ್ತೆಯ ಎದುರಿಗೆ ನಾನು ಮೊದಲ ಸಲ ಬೇಡ ಎಂದದ್ದು ಹೀಗೆ, ಇಂಗ್ಲಿಷಿನಲ್ಲಿ. ಕನ್ನಡದಲ್ಲಾಗಿದ್ದರೆ ಆ ಮಾತು ಹಲ್ಲು ದಾಟಿ ಬರುತ್ತಿರಲಿಲ್ಲ.

ಆಮೇಲೆ ಚೀಪ್, ಕಾಸ್ಟ್ಲಿ, ಪ್ರೈಸ್, ಚೇಂಜ್, ಪಾರ್ಸೆಲ್ ಎಲ್ಲ ಬಂದವು. ಹುಡುಗಿಯರಿಗಿಂತ ನಾನೇ ಗಟ್ಟಿ ಗಿರಾಕಿಯಾದೆ. "ನಿಮ್ಮತ್ತಿಗೆ ಹಿಂಗೆ ಚೌಕಾಸಿ ಮಾಡಿದ್ರೆ ನಿಮ್ಮಪ್ಪ ಅಂಗಡಿ ಮುಚ್ಚಬೇಕಾಗ್ತೈತೆ ಕಣೇ," ಎಂದು ಟೀಚರಮ್ಮ ನಗುತ್ತಿದ್ದರು. ದೀಪ ಹಚ್ಚುವ ಹೊತ್ತಿಗೆ ಆಟ ಮುಗಿಯುತ್ತಿತ್ತು. ಕೊಂಡದ್ದನ್ನೆಲ್ಲ ಒಯ್ದು ಅದರದರ ಜಾಗದಲ್ಲಿ ಇಡುತ್ತಿದ್ದವಳು ನಾನೇ. ಬೆಲ್ಲ ಡಬ್ಬಿಗೆ, ಸೀರೆ ಪೆಟ್ಟಿಗೆಗೆ, ಬೀಜ ಗಡಿಗೆಗೆ.

ನಾದಿನಿ ಇಂಗ್ಲಿಷಿನಲ್ಲಿ ಪಾಸಾದಳು. ಅತ್ತೆ ತಟ್ಟೆಯಲ್ಲಿ ಎಲೆ ಅಡಿಕೆ, ತೆಂಗಿನಕಾಯಿ, ಕುಬಸದ ಕಣ ಇಟ್ಟು ಕೊಡಲು ಹೋದರು. ಟೀಚರಮ್ಮ ಕಾಯನ್ನಷ್ಟೇ ತೆಗೆದುಕೊಂಡರು.

"ಕಣ ಬ್ಯಾಡ್ರಿ ಅಮ್ಮಾರೆ. ನಿಮ್ಮ ಕಿರಿ ಸೊಸೆನ ಒಂದು ದಿನ ನನ್ನ ಜೊತೆ ಶಿವಮೊಗ್ಗಕ್ಕೆ ಕಳಿಸ್ರಿ. ಒಂದು ಸೀರೆ ತರಾಕೆ. ಪಾಠ ಆಗೈತೆ, ಪರೀಕ್ಷೆ ಆಗಿಲ್ಲ."

"ಅಂಗಡಿ ಮನೆ ಸೊಸೆ ಇನ್ನೊಬ್ರ ಅಂಗಡಿ ಮೆಟ್ಲು ಹತ್ತೋದಾ? ಜನ ಏನಂದಾರು?"

"ನಿಮ್ಮ ಅಂಗಡಿ ಮೆಟ್ಲು ಹತ್ತೋರೂ ಯಾರದೋ ಮನೆ ಸೊಸೆಯಂದಿರೇ ಅಲ್ಲೇನ್ರಿ?"

ನಡುಬಾಗಿಲಲ್ಲಿ ನಿಂತಿದ್ದ ಮಾವ ಕೆಮ್ಮಿದರು. ಅವರು ನಗು ಬಂದಾಗ ಕೆಮ್ಮುತ್ತಿದ್ದರು. "ಹೋಗಿ ಬರ್ಲಿ ಬಿಡು, ಒಂದು ದಿನ," ಎಂದು ಸೀರೆಗೆ ದುಡ್ಡನ್ನೂ ಕೊಟ್ಟರು.

ಶಿವಮೊಗ್ಗದ ಬಟ್ಟೆ ಅಂಗಡಿಯಲ್ಲಿ ಗಾದಿಯ ಮುಂದೆ ಸೆರಗು ಬಿಗಿಯಾಗಿ ಹೊದ್ದು ಕುಳಿತೆ. ಅಂಗಡಿಯವನು ಮೊದಲು ಹಾಸಿದ್ದು ಇಟ್ಟಿಗೆ ಬಣ್ಣದ್ದನ್ನೇ! ನಾನು ಕಣ್ಣು ಮುಚ್ಚಿ ಒಂದೇ ಉಸಿರಿಗೆ, "ನೋ. ಶೋ ಮಿ ಅನದರ್ ಒನ್," ಎಂದೆ.

ಅವನು ಬೆಪ್ಪಾಗಿ ನೋಡಿದ. "ಅಕ್ಕಾರೆ, ನಮಗೂ ಕನ್ನಡ ಬರ್ತೈತ್ರಿ. ಯಾವ ಬಣ್ಣ ಬೇಕು ಹೇಳ್ರಿ, ಮಾಡು ಮುಟ್ಟೋವಷ್ಟು ಹಾಸ್ತೀನಿ."

ಟೀಚರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕರು. ನನಗೂ ನಗು ಬಂತು, ಅಂಜಿಕೆ ಹೋಯಿತು. ಅವನ ಮುಂದೆ ಸೀರೆಗಳ ಗುಡ್ಡವೇ ಎದ್ದ ಮೇಲೆ ಈರುಳ್ಳಿ ಸಿಪ್ಪೆಯ ಬಣ್ಣದ್ದೊಂದರ ಮೇಲೆ ಕೈಯಿಟ್ಟೆ. ತೆಳು ಕೆಂಪು, ಒಳಗೊಂದು ಹೊಳಪು. "ಇದು," ಎಂದೆ. ಇಷ್ಟು ಹೇಳಲು ಎಷ್ಟು ವರ್ಷ ಬೇಕಾಯಿತು!

"ನಿಮಗೆ ಯಾವುದು ತೆಗೀಲಿ, ಅಮ್ಮಾರೆ?" ಎಂದು ಅವನು ಟೀಚರಮ್ಮನನ್ನೂ ಕೇಳಿದ. ಅವರು ಅಷ್ಟು ಹೊತ್ತೂ ಒಂದು ನೀಲಿ ಸೀರೆಯ ಅಂಚನ್ನು ಹಿಡಿದುಕೊಂಡೇ ಇದ್ದರು, ಕಿರುಬೆರಳು ದೂರ ನಿಂತಿತ್ತು. "ನಂಗೆ ನಮ್ಮಣ್ಣ ಜಗಳೂರಿಂದ ತಂದು ಕೊಡ್ತಾನೆ ಕಣಪ್ಪ," ಎಂದು ಅದರ ಹಳೆಯ ಮಡಿಕೆಯಲ್ಲೇ ಮಡಚಿ, ತೆಗೆದ ಜಾಗದಲ್ಲೇ ಇಟ್ಟರು. ಅವರು ಉಡುತ್ತಿದ್ದುದೆಲ್ಲ ಬೂದಿ ಬಣ್ಣ ಯಾಕೆಂದು ನನಗೆ ಆಗ ತಿಳಿಯಿತು. ಗಿರಾಕಿಯ ಮಾತನ್ನೆಲ್ಲ ಕಲಿಸಿದವರು ತಮಗಾಗಿ ಒಮ್ಮೆಯೂ ಗಿರಾಕಿಯಾಗಿರಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಅವರು ನನ್ನ ಕೈ ನೋಡಿದರು.

"ಪೊಟ್ಟಣ ಎಲ್ಲಿ?"

ನಾನೂ ಕೈ ನೋಡಿಕೊಂಡೆ. "ಅಲ್ಲೇ ಇಟ್ಟು ಬಂದೆ. ಗಾದಿ ಮ್ಯಾಲೆ."

"ಯಾಕೆ?"

"ಆಯ್ತಲ್ಲ ಟೀಚರಮ್ಮ, ಅದಕ್ಕೆ…"

ದುಡ್ಡು ಕೊಟ್ಟು, ಪೊಟ್ಟಣ ಕಟ್ಟಿಸಿ, ಥ್ಯಾಂಕ್ಯೂ ಹೇಳಿ, ದಿನವೂ ಮಾಡಿದಂತೆ ವಾಪಸು ಅದರ ಜಾಗದಲ್ಲಿ ಇಟ್ಟು ಎದ್ದು ಬಂದಿದ್ದೆ! ಟೀಚರಮ್ಮ ನಗಲು ಹೋದವರು ನಗಲಿಲ್ಲ. ನನ್ನ ಮುಂಗೈ ಹಿಡಿದುಕೊಂಡರು.

"ಇದನ್ನ ವಾಪಸ್ ಇಡಂಗಿಲ್ಲ ತಂಗೀ. ಇದು ನಿಂದು. ಹೋಗು, ನೀನೊಬ್ಳೇ ಹೋಗಿ ತಗೊಂಡು ಬಾ. ಬಸ್ಸು ಹೋದ್ರೆ ಹೋಗ್ಲಿ."

ನಾನೊಬ್ಬಳೇ ಹೋದೆ. ಬೀದಿಯಲ್ಲಿ ಯಾರೂ ನನ್ನತ್ತ ನೋಡಲಿಲ್ಲ. ಅಂದು ಶಿವ ಮಾಡಿದ ದೊಡ್ಡ ದಯೆಯೆಂದರೆ ಅದೇ. ಪೊಟ್ಟಣವನ್ನು ಎದೆಗೆ ಅವುಚಿಕೊಂಡು ಬಂದಾಗ ಬಸ್ಸು ಹೋಗಿತ್ತು, ಟೀಚರಮ್ಮ ಇದ್ದರು.

ಮುಂದಿನ ಬಸ್ಸಿಗೆ ಬಂದು ಮನೆ ಸೇರುವಾಗ ಕತ್ತಲಾಗಿತ್ತು. ಅತ್ತೆ ಬೈಯಲಿಲ್ಲ. ಸೀರೆಯನ್ನು ದೀಪಕ್ಕೆ ಹಿಡಿದು, "ಚೆನ್ನಾಗೈತೆ. ಹಬ್ಬಕ್ಕೆ ಹುಣ್ಣಿಮೆಗೆ ಆಗ್ತೈತೆ, ಪೆಟ್ಟಿಗೆಗೆ ಇಡು," ಎಂದರು. ನನ್ನನ್ನು ಮತ್ತೆ ಹೊರಗೆ ಕಳಿಸಲಿಲ್ಲ. ದೀಪಾವಳಿಗೆ ಗಂಟು ಬಂತು, ಉಳಿದದ್ದು ನನಗೆ ಬಂತು. ಹಬ್ಬ ಬಂದಾಗಲೆಲ್ಲ ಏನಾದರೊಂದು ಕೆಲಸ, ಹೊಸ ಸೀರೆ ಕೆಟ್ಟೀತೆಂಬ ಅತ್ತೆಯ ಮಾತು. ಈರುಳ್ಳಿ ಬಣ್ಣದ ಸೀರೆ ಪೆಟ್ಟಿಗೆಯಲ್ಲೇ ಉಳಿಯಿತು. ಮಾರನೆಯ ವರ್ಷ ಟೀಚರಮ್ಮನಿಗೆ ಅವರ ಊರಿಗೇ ವರ್ಗವಾಯಿತು, ಅಣ್ಣನ ಮನೆಗೆ ಹೋದರು. ಹೋಗುವಾಗ, "ಉಟ್ಟೆಯೇನೇ?" ಎಂದು ಕೇಳಿದರು. ನಾನು ಇಲ್ಲವೆಂದು ತಲೆ ಅಲ್ಲಾಡಿಸಿದೆ.

ನಾದಿನಿ ಸುದ್ದಿ ಹೇಳಿ ಮುಗಿಸಿದ ಮೇಲೆ ನಾನು ಕೈ ತೊಳೆದು ಒಳಗೆ ಹೋದೆ. ಅತ್ತೆ ಈಗ ಹಣ್ಣು ಹಣ್ಣಾಗಿದ್ದರೂ ಕಂಬಕ್ಕೊರಗಿ ಕೂತು ಮನೆಯನ್ನೆಲ್ಲ ನಡೆಸುತ್ತಾರೆ.

"ಅತ್ತೇರೆ, ಜಗಳೂರಿಗೆ ಒಂದು ಸಲ ಹೋಗಿ ಬರ್ಲೇನ್ರಿ?"

"ಮಣ್ಣಾದ ಮ್ಯಾಲೆ ಏನು ನೋಡಾಕೆ ಹೋಗ್ತೀಯೇ? ಹುಣಸೆಹಣ್ಣು ಬಿಚ್ಚಿ ಹಾಕೀಯ, ನೊಣ ಕೂರ್ತಾವೆ."

ಹಣ್ಣು ಹರವಿದ್ದವಳು ನಾನೇ, ಅದೂ ಹೌದು. ಕೋಣೆಗೆ ಹೋಗಿ ಪೆಟ್ಟಿಗೆ ತೆಗೆದೆ. ಸೀರೆಯ ಮಡಿಕೆಗಳು ಅಂಗಡಿಯವನು ಮಡಚಿದಂತೆಯೇ ಇದ್ದವು. ಬಿಡಿಸಿ ಉಟ್ಟುಕೊಂಡು ಹೊರಗೆ ಬಂದೆ.

"ಅಯ್ಯೋ ಶಿವನೇ! ಹುಣಸೆಹಣ್ಣು ಕುಟ್ಟಾಕೆ ಯಾರಾದ್ರೂ ಇಂಥ ಸೀರೆ ಉಡ್ತಾರೇನೇ? ಕಲೆ ಹತ್ತೀತು. ಬಿಚ್ಚಿ ಪೆಟ್ಟಿಗೆಗೆ ಇಡು ಹೋಗು."

"ಬ್ಯಾಡ್ರಿ ಅತ್ತೇರೆ," ಎಂದೆ.

ಅತ್ತೆ ನನ್ನ ಮುಖವನ್ನೇ ನೋಡಿದರು. ನಾದಿನಿ ಬಾಯಿಗೆ ಸೆರಗು ಒತ್ತಿಕೊಂಡಳು. ನಾನು ಹಿತ್ತಲಿಗೆ ಹೋಗಿ, ಬೀಜಗಳನ್ನು ಪಕ್ಕಕ್ಕೆ ಸರಿಸಿ, ಹಣ್ಣಿಗೆ ಕಲ್ಲುಪ್ಪು ಬೆರೆಸಿ ಉಂಡೆ ಕಟ್ಟಿ ಗಡಿಗೆಗೆ ತುಂಬಲು ಕುಳಿತೆ.