ಹೊತ್ತು ಮುಳುಗಿದ ಮೇಲಿನ ಮಾತ್ರೆ

ಕತ್ತಲಾದ ಮೇಲೆ ಅಕ್ಕ ಅನ್ನ ಕೇಳಿದಳು. ಬೇರೆ ಮನೆಗಳಲ್ಲಿ ಇದೊಂದು ಸುದ್ದಿಯೇ ಅಲ್ಲ. ನಾವು ಜೈನರು, ಹೊತ್ತು ಮುಳುಗುವ ಮೊದಲು ಊಟ ಮುಗಿಸಿ ಬಾಯಿ ತೊಳೆದರೆ, ಬೆಳಗ್ಗೆ ಸೂರ್ಯ ಕಾಣುವವರೆಗೆ ಗುಟುಕು ನೀರೂ ಇಲ್ಲ. ನಾನು ಕಾನ್ವೆಂಟಿನ ಹಾಸ್ಟೆಲಿನಲ್ಲಿ ಬೆಳೆದವಳು, ಅಷ್ಟಿಷ್ಟು ಸಡಿಲ. ಅಕ್ಕ ಹಾಗಲ್ಲ. ಮದುವೆಗೆ ಮುಂಚೆಯೇ ಆ ವ್ರತ ಹಿಡಿದವಳು ಬಾಣಂತನದಲ್ಲೂ ಬಿಟ್ಟವಳಲ್ಲ.

ಅರಸೀಕೆರೆಯ ನನ್ನ ಮನೆಗೆ ಫೋನ್ ಮಾಡಿದ್ದು ಅಕ್ಕನ ಸೊಸೆ, ಬಸ್ತಿಹಳ್ಳಿಯಿಂದ.

"ಚಿಕ್ಕತ್ತೆ, ಅತ್ತೆ ಐದೂವರೆಗೇ ಊಟ ಮಾಡಿದ್ರು. ಈಗ ಏಳು ಗಂಟೆ. ತಟ್ಟೆ ಮುಂದಿಟ್ಕೊಂಡು ಕೂತವ್ರೆ. ಯಾಕೆ ಬಡಿಸ್ಲಿಲ್ಲ ಅಂತ ನನ್ನೇ ಬೈತಾವ್ರೆ."

ಹಿಂದಿನಿಂದ ಅಕ್ಕನ ದನಿ ಕೇಳಿಸಿತು. "ಯಾರತ್ರ ಚಾಡಿ ಹೇಳ್ತಿದ್ದೀಯೇ? ಅರಸೀಕೆರೆ ಮೇಡಮ್ಮಂಗಾ? ಹೇಳು ಹೇಳು, ಇಂಗ್ಲಿಷಲ್ಲೇ ಹೇಳು!"

ನಕ್ಕುಬಿಟ್ಟೆ. ಫೋನ್ ಇಟ್ಟ ಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಹಾಲ್‌ನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲ್‌ಗೆ ಓಡಾಡಿದೆ. ಬೆಳಗ್ಗೆ ಮೊದಲ ಬಸ್ಸು ಹಿಡಿದೆ. ಜಾವಗಲ್ಲಿನಲ್ಲಿ ಬಸ್ಸು ಐದು ನಿಮಿಷ ನಿಂತದ್ದನ್ನೂ ನನಗೆ ತಡೆಯಲಾಗಲಿಲ್ಲ, ಕಂಡಕ್ಟರನನ್ನು ಎರಡು ಸಲ ಕೇಳಿ, "ಬೈಸ್ಕೊಂಡೇ ಹೊರಡ್ಬೇಕೇನಮ್ಮ ನಾನು?" ಅನ್ನಿಸಿಕೊಂಡೆ.

ಅಕ್ಕ ನನ್ನನ್ನು ಗುರುತಿಸಿದಳು. ನನ್ನ ಸೀರೆಯ ಬಣ್ಣವನ್ನೂ ಹಳಿದಳು. ಆದರೆ ಹುಳಿಗೆ ಒಗ್ಗರಣೆ ಹಾಕಲು ಹೋದವಳು ಕಾದ ಎಣ್ಣೆಯ ಮುಂದೆ ಸಾಸಿವೆ ಡಬ್ಬ ಹಿಡಿದು ಹಾಗೇ ನಿಂತಳು. ಸಾಸಿವೆ ಅಂದರೆ ಏನೆಂದು ಗೊತ್ತಿತ್ತು, ಎಣ್ಣೆ ಅಂದರೂ ಗೊತ್ತಿತ್ತು. ಯಾವುದಾದ ಮೇಲೆ ಯಾವುದು, ಅದು ತಪ್ಪಿಹೋಗಿತ್ತು. ಸೊಸೆ ಮೆಲ್ಲಗೆ ಬಂದು ಒಲೆ ಆರಿಸಿದಳು.

ಹಾಸನದಲ್ಲಿ ಸ್ಕ್ಯಾನ್ ಮಾಡಿಸಿ, ಬೇಲೂರಿನ ನಮ್ಮ ಡಾಕ್ಟರಿಗೆ ತೋರಿಸಿದೆವು. ಅವರು ಫಿಲ್ಮನ್ನು ಬೆಳಕಿಗೆ ಹಿಡಿದು ಅಲ್ಲಲ್ಲಿದ್ದ ಚಿಕ್ಕ ಕಲೆಗಳನ್ನು ಪೆನ್ನಿನ ತುದಿಯಿಂದ ತೋರಿಸಿದರು. ವರ್ಷಗಟ್ಟಲೆ ಬಿ.ಪಿ. ಏರಿಯೇ ಇದ್ದರೆ ಪೆಟ್ಟು ಬೀಳುವುದು ಹೃದಯಕ್ಕೆ ಮಾತ್ರವಲ್ಲವಂತೆ, ಮಿದುಳಿನೊಳಗಿನ ಕೂದಲೆಳೆಯಂಥ ರಕ್ತನಾಳಗಳೂ ಗಡುಸಾಗಿ, ಕಟ್ಟಿಕೊಳ್ಳುತ್ತವಂತೆ. ರಕ್ತ ಸಿಗದ ಜಾಗ ಸದ್ದಿಲ್ಲದೆ ಸಾಯುತ್ತದೆ. ಮನೆಯವರಿಗೆ ಒಂದು ತಲೆಸುತ್ತೂ ಕಾಣದೆ ಹೋಗಬಹುದು.

"ಎರಡು ಹೊತ್ತೂ ಮಾತ್ರೆ ತಗೋತಿದ್ರಾ?" ಎಂದರು.

"ಇವ್ರು ಭಾರೀ ಹಟಮಾರಿ ಡಾಕ್ಟ್ರೇ," ಎಂದಳು ಸೊಸೆ. "ಹೊತ್ತು ಮುಳುಗಿದ್ ಮೇಲೆ ನೀರೂ ಕುಡಿಯಲ್ಲ ಅಂತ ರಾತ್ರೀದು ಮುಟ್ತಾನೇ ಇರ್ಲಿಲ್ಲ."

ನನ್ನ ಕಿವಿ ಬಿಸಿಯಾಯಿತು.

ಎಷ್ಟೋ ವರ್ಷದ ಹಿಂದೆ, ಮೊದಲ ಸಲ ಬಿ.ಪಿ. ಎಂದಾಗ, ಅಕ್ಕ ಆ ಪ್ರಿಸ್ಕ್ರಿಪ್ಷನ್ ಓದಿಸಲು ನನ್ನ ಕೈಗೆ ಕೊಟ್ಟಿದ್ದಳು. ಮನೆಯಲ್ಲಿ ಇಂಗ್ಲಿಷ್ ಕಾಗದ ಬಂದರೆ ಅದು ನನ್ನ ಡಿಪಾರ್ಟ್‌ಮೆಂಟ್. ಬೆಳಗ್ಗೆ ಒಂದು, ರಾತ್ರಿ ಊಟದ ನಂತರ ಒಂದು ಎಂದು ಓದಿ ಹೇಳಿದೆ.

"ರಾತ್ರಿ ನಮಗೆ ಯಾವ ಊಟವೇ? ಮಾತ್ರೆ ನುಂಗಕ್ಕೆ ನೀರಾದ್ರೂ ಬ್ಯಾಡ್ವಾ?"

ನಾನು ಕನ್ನಡಕ ಸರಿಮಾಡಿಕೊಂಡು, ಪೂರ್ತಿ ಕಾನ್ಫಿಡೆನ್ಸಿನಿಂದ ಹೇಳಿದ್ದೆ: "ಬೆಳಗ್ಗೇದು ಮೇನ್ ಡೋಸ್ ಅಕ್ಕ. ರಾತ್ರೀದು ಬಿಟ್ರೂ ನಡೆಯುತ್ತೆ."

ಮೇನ್ ಡೋಸ್! ಆ ಚೀಟಿಯಲ್ಲಿ ಎಲ್ಲಿತ್ತು ಆ ಮಾತು? ನನಗೂ ಅಂಥದೇ ಮಾತ್ರೆ ಬರೆದಿದ್ದರು, ನಾನೂ ಬಿಡುತ್ತಿದ್ದೆ. ನನ್ನ ಸೋಮಾರಿತನಕ್ಕೆ ಅಕ್ಕನ ವ್ರತದ ನೆರಳು ಸಿಕ್ಕಿತ್ತು, ಅಷ್ಟೇ. ಆಮೇಲೆ ಡಾಕ್ಟರ್ ಕೇಳಿದಾಗಲೆಲ್ಲ ಅಕ್ಕ "ಹೂಂ, ತಗೋತಿದೀನಿ" ಅನ್ನುವಳು, ಬೆಳಗಿನದನ್ನು ತೆಗೆದುಕೊಳ್ಳುತ್ತಿದ್ದಳಲ್ಲ. ಬಿ.ಪಿ. ಇಳಿಯದಿದ್ದಾಗ ಅವರು ಇನ್ನೂ ಸ್ಟ್ರಾಂಗ್ ಮಾತ್ರೆ ಬರೆದರು. ನಾವು ಆ ಸ್ಟ್ರಾಂಗ್ ಮಾತ್ರೆಯನ್ನೂ ನಿಷ್ಠೆಯಿಂದ ತಂದು, ರಾತ್ರಿಯದನ್ನು ನಿಷ್ಠೆಯಿಂದ ಬಿಟ್ಟೆವು.

"ಇನ್ಮೇಲೆ ಹೊತ್ತು ಮುಳುಗೋ ಮುಂಚೆ, ಸಂಜೆ ಊಟದ ಜೊತೆ ಕೊಡಿ," ಎಂದರು ಡಾಕ್ಟರ್. "ಒಂದು ಮಾತು ಹೇಳಿದ್ರೆ ಆವತ್ತೇ ಬದಲಾಯಿಸ್ತಿದ್ನಲ್ಲಮ್ಮ."

"ಆ ಮಾತ್ರೆ ಬಿಟ್ಟಿದ್ದಕ್ಕೇ ಹೀಗಾಯಿತಾ ಡಾಕ್ಟರ್?" ಎಂದೆ ನಾನು.

"ಅದೊಂದರಿಂದಲೇ ಅಂತ ಹೇಳಕ್ಕಾಗಲ್ಲ. ವಯಸ್ಸಿದೆ, ಶುಗರ್ ಇದೆ. ಹೋದದ್ದು ವಾಪಸ್ ಬರಲ್ಲ. ಇರೋದನ್ನ ಉಳಿಸ್ಕೊಳ್ಳೋಣ. ಬಿ.ಪಿ. ಇಳಿಸೋದು, ಉಪ್ಪು ಕಮ್ಮಿ ಮಾಡೋದು, ದಿನಾ ನಡೆಸೋದು."

ಅವರು 'ಹೌದು' ಎಂದಿದ್ದರೆ ಅತ್ತುಬಿಡುತ್ತಿದ್ದೆ. 'ಇಲ್ಲ' ಎಂದಿದ್ದರೆ ನಿರಾಳವಾಗಿ ಬಸ್ಸು ಹತ್ತುತ್ತಿದ್ದೆ. ಎರಡೂ ಸಿಗದೆ ಬಸ್ತಿಹಳ್ಳಿಯಲ್ಲೇ ಉಳಿದುಕೊಂಡೆ. ದಿನಕ್ಕೆ ನಾಲ್ಕು ಸಲ ನನ್ನ ಬಿ.ಪಿ. ನೋಡಿಕೊಂಡೆ. ಪಕ್ಕದ ಮನೆಯಾಕೆಯ ಹೆಸರು ಚಟ್ಟನೆ ಹೊಳೆಯದಿದ್ದರೆ, ನನಗೂ ಶುರುವಾಯಿತೇ ಎಂದು ಎದೆ ಹೊಡೆದುಕೊಳ್ಳುತ್ತಿತ್ತು. ಅಕ್ಕ ಮಾತ್ರ ಜಗಲಿಯಲ್ಲಿ ಕೂತು ಗೇಲಿ ಮಾಡುವಳು. "ಏನೇ ಅದು, ತೋಳಿಗೆ ಬಟ್ಟೆ ಸುತ್ಕೊಂಡು ಬುಸ್ ಬುಸ್ ಅನ್ನಿಸ್ತೀಯಾ? ಎಲ್ಲಾದ್ರೂ ಬಿದ್ದು ಬಂದ್ಯಾ?"

ಅಷ್ಟರಲ್ಲಿ ಬಂದುಹೋದವರಿಗೆಲ್ಲ ಸೊಸೆಯದು ಒಂದೇ ಮಾತು: ಅತ್ತೆ ಹಟಮಾರಿ, ಮಾತ್ರೆ ಮುಟ್ಟಲಿಲ್ಲ. ತನ್ನ ಪರವಾಗಿ ಒಂದು ಮಾತಾಡಲು ಅಕ್ಕನಿಗೆ ಈಗ ನೆನಪೇ ಇಲ್ಲ. ನಾಲ್ಕನೆಯ ದಿನ ಸಂಜೆ, ಸೊಸೆ ರಾಗಿ ಮುದ್ದೆ ತೊಳಸುತ್ತಿದ್ದಾಗ, ಬೆನ್ನ ಹಿಂದೆ ನಿಂತು ಹೇಳಿಬಿಟ್ಟೆ.

"ಅವಳ ಹಟ ಅಲ್ಲಮ್ಮ ಅದು. ಬಿಡು ಅಂದವಳು ನಾನು."

ಅವಳ ಕೈ ನಿಲ್ಲಲಿಲ್ಲ. "ಗೊತ್ತು ಚಿಕ್ಕತ್ತೆ. ಆವತ್ತು ನಾನು ಇಲ್ಲೇ ಬಾಗಿಲಲ್ಲಿ ನಿಂತಿದ್ದೆ."

"ಮತ್ತೆ ಡಾಕ್ಟರ್ ಮುಂದೆ ಯಾಕೆ ಹಾಗಂದೆ?"

"ನಿಮ್ಮನ್ನ ಹಿಡ್ಕೊಡಕ್ಕಾಯ್ತದಾ? ಓದಿದೋರು ನೀವು." ಮುದ್ದೆ ಇಳಿಸಿ, ಸೆರಗಿಗೆ ಕೈ ಒರೆಸಿಕೊಂಡಳು. ಆಮೇಲೆ ನನ್ನ ಮುಖ ನೋಡದೆ, "ನಂಗೂ ಹೋದ್ ವರ್ಷದಿಂದ ಬಿ.ಪಿ. ಐತೆ. ನಂಗೂ ಎರಡೊತ್ತು ಬರ್ದವ್ರೆ," ಎಂದಳು.

"ರಾತ್ರೀದು?"

ಅವಳು ಮೇಲಿನ ಗೂಡಿನಿಂದ ರಾತ್ರಿಯ ಮಾತ್ರೆಯ ಪಟ್ಟಿಗಳನ್ನು ತೆಗೆದು ನನ್ನ ಅಂಗೈಗೆ ಹಾಕಿದಳು. ಒಂದೂ ಒಡೆದಿರಲಿಲ್ಲ. ಅವಳಿಗೆ ಇನ್ನೂ ನಲವತ್ತೈದು ತುಂಬಿಲ್ಲ.

"ಈಗ ಊಟದ ಜೊತೆ ತಗೋಬೋದಾ? ನೀವು ಹೇಳಿ, ತಗೋತೀನಿ."

ಹೊರಗೆ ಇನ್ನೂ ಬಿಸಿಲಿತ್ತು. 'ತಗೋ' ಎಂಬ ಮಾತು ನನ್ನ ನಾಲಿಗೆಯ ತುದಿಗೇ ಬಂದಿತ್ತು.

"ನನ್ನನ್ನ ಕೇಳಬೇಡ ಕಣೇ," ಎಂದೆ. "ಫೋನ್ ತಾ. ಡಾಕ್ಟರನ್ನೇ ಕೇಳೋಣ."