ನಮ್ಮವರ ಆಶ್ರಮ

ಇದನ್ನು ಬರೆಯಬೇಕೆಂದು ಕೂತು, ಬರೆಯದೆ ಎದ್ದದ್ದು ಎಷ್ಟು ಸಲವೋ. ಒಮ್ಮೆ ಕನ್ನಡಕ ಸರಿಯಿಲ್ಲ ಎಂದುಕೊಂಡೆ. ಒಮ್ಮೆ ಅತ್ತಿಗೆಯ ವರ್ಷಾಬ್ದಿಕ ಮುಗಿಯಲಿ ಎಂದುಕೊಂಡೆ. ವರ್ಷಾಬ್ದಿಕ ಮುಗಿದು, ಆಮೇಲೆ ಎರಡು ತಿಥಿಗಳೂ ಕಳೆದವು. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಶಿಡ್ಲಘಟ್ಟದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿ ಬದುಕೆಲ್ಲ ಊರಿನವರ ಅರ್ಜಿಗಳನ್ನು ನೋಡಿದವನು, ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ ವಾಪಸು ಕಳಿಸಿದವನು. ನನ್ನ ಕೈಯಿಂದಲೇ ಆದ ತಪ್ಪಿಗೆ ಗುರುತು ಹಾಕಲು ಇಷ್ಟು ದಿನ ಬೇಕಾಯಿತು.

ನಮ್ಮ ಅತ್ತಿಗೆ, ಅಂದರೆ ನನ್ನ ಅಣ್ಣನ ಹೆಂಡತಿ, ಆಂಧ್ರದ ಗಡಿಯಾಚೆಯ ಒಂದು ಹಳ್ಳಿಯಿಂದ ಬಂದವರು. ಮದುವೆಯಾಗಿ ಬಂದಾಗ ಅವರಿಗೆ ಹದಿನಾರು, ನನಗೆ ಹತ್ತು. ಜಾತಿ, ಆಚಾರ, ಊಟ ಎಲ್ಲ ನಮ್ಮದೇ. ಮಾತು ಮಾತ್ರ ತೆಲುಗು. ನಮ್ಮ ಕಡೆ ತೆಲುಗು ಬಾರದವರು ಯಾರೂ ಇಲ್ಲ. ಸಂತೆಯಲ್ಲಿ ತೆಲುಗು, ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ತೆಲುಗು, ಜಗಳಕ್ಕೂ ತೆಲುಗೇ. ಆದರೆ ನಮ್ಮಪ್ಪ ಕನ್ನಡ ಮೇಷ್ಟ್ರು; ನಮ್ಮಮ್ಮನಿಗೆ ಮನೆಯೊಳಗೆ ಅದು ಕೂಡದು. "ಮೇಷ್ಟ್ರ ಮನೆ ಕಣೇ ಇದು. ಬೀದೀಲಿ ಆಡೋ ಮಾತು ಹೊಸ್ತಿಲಾಚೆ ಬಿಟ್ಟು ಬಾ" ಎನ್ನುತ್ತಿದ್ದರು. ಅತ್ತಿಗೆಯ ಬಾಯಿಯಿಂದ ತೆಲುಗು ಬಿದ್ದರೆ ಹಿಡಿದುಕೊಡುವ ಕೆಲಸವನ್ನು ನನಗೆ ವಹಿಸಿದ್ದರು. ಒಂದು ಮಾತು ಹಿಡಿದರೆ ಒಂದು ಚೂರು ಬೆಲ್ಲ.

"ಅಮ್ಮಾ, ಅತ್ತಿಗೆ ನೀಳ್ಳು ಅಂದ್ರು!"

ನೀರಿಗೆ ತೆಲುಗಿನಲ್ಲಿ ಹಾಗೆ ಅನ್ನುತ್ತಾರೆ. ಬಾವಿಯಿಂದ ಕೊಡ ಹೊತ್ತು ಬಂದವರು ಬಾಗಿಲಲ್ಲೇ ನಿಂತುಬಿಡುತ್ತಿದ್ದರು, ಮುಖ ಕೆಂಪಾಗಿ. ನಾನು ಬೆಲ್ಲ ಚೀಪುತ್ತಿದ್ದೆ. ವರ್ಷದೊಳಗೆ ಅವರು ನಮಗಿಂತ ಶುದ್ಧವಾಗಿ ಕನ್ನಡ ಆಡಿದರು. ಅಮ್ಮ ಹೋದ ಮೇಲೂ, ಅಣ್ಣ ಹೋದ ಮೇಲೂ, ನಮ್ಮಿಬ್ಬರ ನಡುವೆ ತೆಲುಗಿನ ಒಂದು ಮಾತು ಬರಲಿಲ್ಲ. ಅವರಿಗೆ ಮಕ್ಕಳಿರಲಿಲ್ಲ. ನಮ್ಮ ಜೊತೆಗೇ ಇದ್ದರು, ನನ್ನ ಮಕ್ಕಳನ್ನು ಎತ್ತಿ ಆಡಿಸಿದರು. ರೇಷನ್ ಕಾರ್ಡಿರಲಿ, ಜನಗಣತಿಯಿರಲಿ, ವಿಧವಾ ವೇತನವಿರಲಿ, ಅವರ ಪರವಾಗಿ ಬರೆದವನು ನಾನು. ಮಾತೃಭಾಷೆ ಎಂಬಲ್ಲಿ ಪ್ರತಿ ಸಲವೂ ಕನ್ನಡ ಎಂದೇ ಬರೆದೆ.

ಮರೆವು ಶುರುವಾದದ್ದು ಉಪ್ಪಿನಿಂದ. ಸಾರಿಗೆ ಎರಡು ಸಲ ಹಾಕುತ್ತಿದ್ದರು, ಇಲ್ಲವೇ ಹಾಕುತ್ತಲೇ ಇರಲಿಲ್ಲ. ಆಮೇಲೆ ಒಲೆ ಹಚ್ಚದೆ ಗ್ಯಾಸ್ ತಿರುಗಿಸಿ ಬಿಡುವುದು. ಆಮೇಲೊಂದು ದಿನ ಬಸ್ ಸ್ಟ್ಯಾಂಡಿನಲ್ಲಿ ಮದನಪಲ್ಲಿಯ ಬಸ್ಸು ಹತ್ತಿ ಕೂತಿದ್ದರು. ಗುರುತಿನ ಕಂಡಕ್ಟರು ಇಳಿಸಿಕೊಂಡು ಬಂದು, "ಅಮ್ಮಾವ್ರು ತವರಿಗೆ ಹೊರಟಿದ್ರು, ಟಿಕೆಟ್ ಬೇಡ ನಮ್ಮಪ್ಪ ಬಂದು ಕೊಡ್ತಾನೆ ಅಂತಿದ್ರು" ಎಂದು ನಕ್ಕ. ನಾವೂ ನಕ್ಕೆವು. ಡಾಕ್ಟರು ನಗಲಿಲ್ಲ. "ಹೊಸದು ಮೊದಲು ಹೋಗುತ್ತೆ, ಹಳೇದು ಕೊನೇಗೆ" ಎಂದರು. ನನ್ನ ಮೊಮ್ಮಕ್ಕಳ ಹೆಸರು ಮೊದಲು ಮರೆಯುತ್ತಾರೆ ಎಂದು ತಿಳಿದುಕೊಂಡೆ. ಅವರಿಗೆ ಕನ್ನಡವೂ ಹೊಸದೇ ಎಂದು ನನಗೆ ಹೊಳೆಯಲಿಲ್ಲ.

ಕನ್ನಡ ಒಂದೊಂದೇ ಮಾತಾಗಿ ಉದುರಿತು. ತೆಲುಗು ಎದ್ದು ಕೂತಿತು. ಸ್ನಾನ ಮಾಡಿಸುವಾಗ ಅತ್ತಿಗೆ ಕೈ ಕೊಸರಿಕೊಂಡು ನನ್ನ ಹೆಂಡತಿಯನ್ನು ತಳ್ಳಿದ ದಿನ ಅವಳ ಮುಂಗೈ ಮುರಿಯಿತು. ಪಟ್ಟಿ ಕಟ್ಟಿಸಿಕೊಂಡು ಬಂದವಳು ಅಂದಳು: "ನನ್ ಕೈಲಿ ಆಗಲ್ಲ ಕಣ್ರೀ. ಎಲ್ಲಾದ್ರೂ ಒಂದು ಒಳ್ಳೆ ಜಾಗ ನೋಡಿ. ಆದ್ರೆ ಅವರು ನಗೋ ಜಾಗ ನೋಡಿ."

ಗೌರಿಬಿದನೂರಿನಲ್ಲಿ ಒಂದು ವೃದ್ಧಾಶ್ರಮವಿದೆ ಎಂದರು. ಹೋಗಿ ನೋಡಿದೆ. ಆಸ್ಪತ್ರೆಯ ಮಹಡಿ ಮೇಲೆ ಸಾಲಾಗಿ ಮಂಚ, ಕಿಟಕಿಯೇ ಇಲ್ಲ. ವಾಪಸು ಬರುವಾಗ ಮಂಚೇನಹಳ್ಳಿ ದಾಟುವಷ್ಟರಲ್ಲಿ ಬೇಡ ಎಂದು ತೀರ್ಮಾನಿಸಿದ್ದೆ. ಎರಡನೆಯದು ಚಿಕ್ಕಬಳ್ಳಾಪುರದ ಹೊರಗೆ, ನಮ್ಮ ಜನ ಟ್ರಸ್ಟು ಮಾಡಿ ಕಟ್ಟಿಸಿದ್ದು. ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಅಡುಗೆ, ಮಡಿಯ ಅಡುಗೆಯವರು, ಸಂಜೆ ಭಜನೆ, ಅಂಗಳದಲ್ಲಿ ತುಳಸಿ. ನೆಲ ಕನ್ನಡಿಯ ಹಾಗಿತ್ತು. ಜಾಗ ಖಾಲಿ ಇರಲಿಲ್ಲ. ಹೆಸರು ಬರೆಸಿ ಬಂದೆ.

ಮೂರನೆಯದಕ್ಕೆ ಅತ್ತಿಗೆಯನ್ನೂ ಕರೆದುಕೊಂಡು ಹೋಗಿದ್ದೆ. ಕೈವಾರದ ದೇವಸ್ಥಾನದಲ್ಲಿ ಕೈಮುಗಿದು ಚಿಂತಾಮಣಿಗೆ ಹೋದೆವು. ತರಕಾರಿ ಮಂಡಿಯ ಹಿಂದಿನ ಬೀದಿಯಲ್ಲಿ ಒಂದು ಹಳೆಯ ಮನೆ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತಿಯಾದ ಒಬ್ಬ ಮುಸಲ್ಮಾನ ಹೆಂಗಸು ಹನ್ನೊಂದು ಜನ ಮುದುಕ ಮುದುಕಿಯರನ್ನು ಇಟ್ಟುಕೊಂಡು ನೋಡಿಕೊಳ್ಳುತ್ತಿದ್ದರು. ಫಿನಾಯಿಲ್ ವಾಸನೆ, ಅದರ ಕೆಳಗೆ ಉಚ್ಚೆಯ ವಾಸನೆ, ಬೀದಿಯಿಂದ ಕೊಳೆತ ಟೊಮೆಟೊ ವಾಸನೆ. ಟೀವಿ ಕಿವಿ ಒಡೆಯುವಂತೆ ಅರಚುತ್ತಿತ್ತು. ನಾನು ಬಚ್ಚಲು, ಕಿಟಕಿ, ಹಾಸಿಗೆ ಎಲ್ಲವನ್ನೂ ಮುಟ್ಟಿ ನೋಡುವುದನ್ನು ಕಂಡು ಆ ನರ್ಸಮ್ಮ, "ಏನಣ್ಣಾ, ಹೆಣ್ಣು ನೋಡಕ್ ಬಂದಂಗೆ ನೋಡ್ತಿದೀರಿ. ಕೂತ್ಕಳಿ, ಹೆಣ್ಣು ಓಡೋಗಲ್ಲ" ಎಂದರು.

ಆಮೇಲೆ ಅತ್ತಿಗೆಯ ಕಡೆ ತಿರುಗಿ, ಸಹಜವಾಗಿ, "ಏಂ ಪೆದ್ದಮ್ಮಾ, ತಿನ್ನಾವಾ?" ಎಂದರು. ಏನು ದೊಡ್ಡಮ್ಮಾ, ಉಂಡೆಯಾ, ಎಂದು.

ಅತ್ತಿಗೆ ತಲೆ ಎತ್ತಿದರು. ಎಷ್ಟೋ ತಿಂಗಳಿಂದ ಅವರು ಹಾಗೆ ತಲೆ ಎತ್ತಿರಲಿಲ್ಲ. ಇನ್ನೂ ಉಂಡಿಲ್ಲ, ಎಮ್ಮೆ ಕರೆಯಬೇಕು, ಅಪ್ಪ ಮಂಡಿಯಿಂದ ಬರಬೇಕು ಎಂದು ತೆಲುಗಿನಲ್ಲಿ ಒಂದೇ ಉಸಿರಿಗೆ ಹೇಳಿದರು. "ಎಷ್ಟು ಹಾಲು ಕೊಡುತ್ತೆ ನಿನ್ನೆಮ್ಮೆ?" "ನೀನು ಬಂದು ಕರೆದು ನೋಡು, ಒದೀತದೆ." ಇಬ್ಬರೂ ನಕ್ಕರು. ಅತ್ತಿಗೆ ಒಂದು ತಟ್ಟೆ ಉಪ್ಪಿಟ್ಟು ತಾವೇ ತಿಂದರು. ನಾನು ಕಣ್ಣಾರೆ ಕಂಡೆ. ಕಾಣಲಿಲ್ಲ ಎಂದು ಹೇಳುವ ಹಾಗಿಲ್ಲ.

ಅಡುಗೆಮನೆಯ ಮೂಲೆಯಲ್ಲಿ ಮೊಟ್ಟೆ ಬೇಯುತ್ತಿತ್ತು. ನನ್ನ ಕಣ್ಣು ಹೋದದ್ದನ್ನು ಅವರು ನೋಡಿದರು. "ಆ ಪಾತ್ರೆನೇ ಬೇರೆ ಅಣ್ಣಾ. ನಿಮ್ಮತ್ತಿಗೆಗೆ ಒಲೆನೂ ಬೇರೆ ಇಡ್ತೀನಿ. ನಿಮ್ಮನೇಲಿ ಹೆಂಗೆ ಅಂತ ಹೇಳಿ, ಹಂಗೇ ಮಾಡಣ."

"ಸೋಮವಾರ ಕರ್ಕೊಂಡ್ ಬರ್ತೀನಿ" ಎಂದೆ.

ಭಾನುವಾರ ದೊಡ್ಡಪ್ಪನ ಮಗ ಫೋನು ಮಾಡಿದ. ಚಿಕ್ಕಬಳ್ಳಾಪುರದ ಟ್ರಸ್ಟಿನಲ್ಲಿ ಅವನ ಮಾತು ನಡೆಯುತ್ತದೆ. "ಸೀಟು ಸಿಕ್ತು ಕಣೋ!" ಎಂದ, ಹುಡುಗನಿಗೆ ಕಾಲೇಜು ಸಿಕ್ಕಿದ ಹಾಗೆ. ನಾನು ಚಿಂತಾಮಣಿಯ ಮಾತು ಎತ್ತಿದೆ. "ಮುಂದೆ ಅಣ್ಣನ ತಿಥಿಗೆ ಬ್ರಾಹ್ಮಣರು ಕೂತಾಗ, ಅತ್ತಿಗೆ ಎಲ್ಲಿ ಉಣ್ತಿದಾರೆ ಅಂತ ಕೇಳಿದ್ರೆ ಏನಪ್ಪಾ ಹೇಳ್ತೀಯ?" ಎಂದ. ಅಷ್ಟೇ ಸಾಕಾಯಿತು. ಅವನ ಮೇಲೆ ತಪ್ಪು ಹೊರಿಸುತ್ತಿಲ್ಲ. ಅವನು ಕೇಳುವ ಮೊದಲೇ ಆ ಪ್ರಶ್ನೆ ನನ್ನೊಳಗಿತ್ತು.

ಹೆಂಡತಿ ಅಡುಗೆಮನೆಯಿಂದಲೇ ಕೇಳಿದಳು, "ಅಲ್ಲಿ ನಕ್ರು ಅಂದ್ರಲ್ಲ?" ನಾನು, "ನಗು ಇಟ್ಕೊಂಡು ಏನ್ ಮಾಡ್ತೀಯ, ಆಚಾರ ಬೇಡ್ವಾ" ಎಂದು ಗದರಿದೆ.

ಸೋಮವಾರ ಆಶ್ರಮದ ಅರ್ಜಿ ತುಂಬಿದೆ. ಮಾತೃಭಾಷೆ: ಕನ್ನಡ. ಕೈ ತಾನಾಗಿ ಬರೆಯಿತು ಎಂದರೆ ಸುಳ್ಳು. ಒಂದು ಗಳಿಗೆ ಪೆನ್ನು ನಿಂತಿತ್ತು. ನಮ್ಮವರ ಜಾಗದಲ್ಲಿ, ನಮ್ಮ ಮನೆಯವರ ಬಗ್ಗೆ, ಅಮ್ಮ ಹೊಸ್ತಿಲಾಚೆ ನಿಲ್ಲಿಸಿದ್ದನ್ನು ಬರೆಯಲು ಮನಸ್ಸಾಗಲಿಲ್ಲ. ಆ ದಿನ ಚಿಂತಾಮಣಿಯಿಂದ ಎರಡು ಸಲ ಫೋನು ಬಂತು. ಎತ್ತಲಿಲ್ಲ. ಮೂರನೆಯ ಸಲ ಎತ್ತಿದೆ. "ಹಾಸಿಗೆ ಹಾಕಿ ಕಾಯ್ತಿದೀನಿ ಅಣ್ಣಾ, ಬಸ್ ಸಿಗಲಿಲ್ವಾ?" ಎಂದರು. ನಮ್ಮವರ ಕಡೆ ಸಿಕ್ಕಿತು ಎಂದೆ.

"ಆಗ್ಲಿ, ಒಳ್ಳೇದಾಯ್ತು. ಅಲ್ಲಿ ತೆಲುಗು ಬರೋರು ಇದಾರಾ ಕೇಳಿದ್ರಾ?"

"ಚಿಕ್ಕಬಳ್ಳಾಪುರದಲ್ಲಿ ತೆಲುಗು ಬರದೇ ಇರೋರು ಯಾರಮ್ಮಾ?" ಎಂದು ನಕ್ಕುಬಿಟ್ಟೆ.

ಇದ್ದರು. ಆಶ್ರಮದಲ್ಲಿ ಆರೈಕೆಗಿದ್ದ ಹುಡುಗಿಯರೆಲ್ಲ ಗದಗ, ಹಾವೇರಿ ಕಡೆಯವರು. ಅಡುಗೆಯವರು ಉಡುಪಿ ಕಡೆಯವರು. ಮ್ಯಾನೇಜರು ಮೈಸೂರಿನವರು. ಮೂರನೆಯ ವಾರ ಹೋದಾಗ ಒಬ್ಬ ಹುಡುಗಿ, ಒಳ್ಳೆಯ ಹುಡುಗಿಯೇ, "ಅಜ್ಜಿ ಏನೇನರ ಬಡಬಡಸ್ತಾರ್ರೀ, ನಮಗ ತಿಳಿಯಂಗಿಲ್ಲ. ಲೋಟ ಕೊಟ್ರ ಒಗೀತಾರ. ಊಟ ಮುಟ್ಟಂಗಿಲ್ರೀ" ಎಂದಳು. ರಿಜಿಸ್ಟರಿನಲ್ಲಿ "ಅಸಂಬದ್ಧ ಮಾತು" ಎಂದು ಬರೆದಿತ್ತು, ದಿನಾಲೂ. ಸಮಾಧಾನವಾಗಿರಲಿ ಎಂದು ಮಾತ್ರೆ ಕೊಡುತ್ತಿದ್ದರು.

ಅತ್ತಿಗೆ ಒಣಗಿ ಅರ್ಧವಾಗಿದ್ದರು. ಸುತ್ತ ತಮಗೆ ತಿಳಿಯದ ಮಾತು, ತಮ್ಮ ಮಾತು ಯಾರಿಗೂ ತಿಳಿಯದು. ಹದಿನಾರನೆಯ ವಯಸ್ಸಿನಲ್ಲಿ ನಮ್ಮ ಮನೆ ಹೊಸ್ತಿಲು ದಾಟಿದಾಗ ಎಲ್ಲಿದ್ದರೋ ಮತ್ತೆ ಅಲ್ಲಿಗೇ ಅವರನ್ನು ತಂದು ಬಿಟ್ಟಿದ್ದೆ. ನನ್ನನ್ನು ನೋಡಿ ತೆಲುಗಿನಲ್ಲಿ, ಮನೆಗೆ ಹೋಗೋಣ ನಡಿ, ಎಂದರು. ಮ್ಯಾನೇಜರು ಪಕ್ಕದಲ್ಲೇ ನಿಂತಿದ್ದರು. ನಾನು ಕನ್ನಡದಲ್ಲಿ, "ಆಮೇಲೆ ಹೋಗಣ ಅತ್ತಿಗೆ" ಎಂದೆ. ಇವರದು ತೆಲುಗು, ನಾನು ಅರ್ಜಿಯಲ್ಲಿ ತಪ್ಪು ಬರೆದೆ, ಎಂಬ ಒಂದು ವಾಕ್ಯ ನಾಲಗೆಯ ತುದಿಗೆ ಬಂದು ವಾಪಸು ಹೋಯಿತು.

ಆಚೆ ಬಂದು ಚಿಂತಾಮಣಿಗೆ ಫೋನು ಮಾಡಿದೆ. ನಾಚಿಕೆಗೆಟ್ಟವನು. ನರ್ಸಮ್ಮ ಬೈಯಲಿಲ್ಲ. "ಜಾಗ ತುಂಬೋಗೈತೆ ಅಣ್ಣಾ. ನಾಳಿದ್ದು ನಾನೇ ಬಂದು ನೋಡ್ತೀನಿ" ಎಂದರು. ಹೇಳಿದ ಹಾಗೆ ಬಸ್ಸು ಬದಲಾಯಿಸಿಕೊಂಡು ಬಂದರು. ತಲೆಗೆ ಸೆರಗು ಹೊದ್ದು, ಕೈಯಲ್ಲಿ ಒಂದು ಬಟ್ಟೆಯ ಚೀಲ. ಗೇಟಿನ ಬಳಿ ಮ್ಯಾನೇಜರು ಅವರನ್ನು ಮೇಲಿಂದ ಕೆಳಗೆ ನೋಡಿ ನನ್ನನ್ನು ಕೇಳಿದರು, "ಇವರು ಯಾರು?"

"ನಮ್ಮನೆ ಕೆಲಸದೋರು" ಎಂದೆ.

ಯಾಕೆ ಹಾಗಂದೆನೋ ಎಂದು ಬರೆಯಲು ಹೋಗುವುದಿಲ್ಲ. ಯಾಕೆಂದು ನನಗೆ ಗೊತ್ತು. ಅವರು ನನ್ನ ಮುಖವನ್ನು ಒಂದು ಸಲ ನೋಡಿದರು. ಆಮೇಲೆ ಮ್ಯಾನೇಜರ ಕಡೆ ತಿರುಗಿ, "ಹೌದು ಸಾರ್. ಅಮ್ಮಾವ್ರನ್ನ ನೋಡ್ಕೊಂಡು ಹೋಗ್ತೀನಿ" ಎಂದರು.

ಒಳಗೆ ಬಿಡಲಿಲ್ಲ. ಅಂಗಳದ ಕಲ್ಲುಬೆಂಚಿನ ಮೇಲೆ ಕೂರಿಸಿ, ಅತ್ತಿಗೆಯನ್ನು ಗಾಲಿಕುರ್ಚಿಯಲ್ಲಿ ಅಲ್ಲಿಗೇ ತಂದರು. ನರ್ಸಮ್ಮ ಮಂಡಿಯೂರಿ ಕೂತು, ಅವರ ಎರಡೂ ಪಾದಗಳನ್ನು ತಮ್ಮ ಅಂಗೈಯಲ್ಲಿ ಹಿಡಿದು ತೆಲುಗಿನಲ್ಲಿ ಮೆಲ್ಲಗೆ ಮಾತಾಡಿದರು. ಬಹಳ ಹೊತ್ತಿನ ಮೇಲೆ ಅತ್ತಿಗೆಯ ತುಟಿ ಅಲುಗಿತು. "ನುವ್ವು ಎವರಿ ಕೂತುರು?" ನೀನು ಯಾರ ಮಗಳು?

"ನೀ ಕೂತುರ್ನೇ ಅಮ್ಮಾ." ನಿನ್ನ ಮಗಳೇ.

"ನೀಳ್ಳು" ಎಂದರು ಅತ್ತಿಗೆ. ಲೋಟದ ತುಂಬ ನೀರು ಕುಡಿದರು, ಮಗುವಿನ ಹಾಗೆ, ಎದೆಯೆಲ್ಲ ನೆನೆಸಿಕೊಂಡು.

ಹೊರಡುವಾಗ ನರ್ಸಮ್ಮ ಚೀಲದಿಂದ ಒಂದು ಹಾಳೆ ತೆಗೆದು ನನ್ನ ಕೈಗೆ ಕೊಟ್ಟರು. ಕನ್ನಡ ಅಕ್ಷರದಲ್ಲಿ ಹತ್ತು ತೆಲುಗು ಮಾತು, ಪಕ್ಕದಲ್ಲಿ ಅರ್ಥ. ನೀರು, ಹಸಿವು, ನೋವು, ಚಳಿ, ಬಚ್ಚಲು, ಹೀಗೆ. ಮನೆಯಲ್ಲೇ ಬರೆದು ತಂದಿದ್ದರು. "ಮಂಚದ ಹತ್ರ ಗೋಡೆಗೆ ಅಂಟ್ಸಕ್ಕೆ ಹೇಳಿ. ಆ ಮಕ್ಕಳು ಎರಡೇ ದಿನದಲ್ಲಿ ಕಲೀತಾರೆ. ಬರ್ತೀನಿ ಯಜಮಾನ್ರೇ." ಅಣ್ಣ ಎನ್ನಲಿಲ್ಲ.

ಹಾಳೆ ಹಿಡಿದು ಆಫೀಸಿನ ಬಾಗಿಲವರೆಗೆ ಹೋದೆ. ಒಳಗೆ ಮೇಜಿನ ಮೇಲೆ ನಮ್ಮ ಫೈಲು ಇತ್ತು. ಹಾಳೆ ಕೊಟ್ಟರೆ ಅರ್ಜಿ ತಿದ್ದಬೇಕು. ತೆಲುಗು ಬರೆದುಕೊಟ್ಟವರು ಯಾರು ಎಂದರೆ ಇನ್ನೊಂದು ಸುಳ್ಳು ಹೇಳಬೇಕು. ನಾಳೆ ದೊಡ್ಡಪ್ಪನ ಮಗನಿಗೆ ಸುದ್ದಿ ಮುಟ್ಟುತ್ತದೆ. ಹಾಳೆಯನ್ನು ಮಡಿಚಿ ಜೇಬಿಗಿಟ್ಟುಕೊಂಡೆ. ಮುಂದಿನ ವಾರ ಕೊಟ್ಟರಾಯಿತು ಎಂದುಕೊಂಡೆ.

ಮುಂದಿನ ವಾರ ಬರುವ ಮೊದಲೇ ಅತ್ತಿಗೆ ಹೋದರು. ಮೈಯಲ್ಲಿ ನೀರಿನಂಶವೇ ಉಳಿದಿರಲಿಲ್ಲ ಎಂದರು ಡಾಕ್ಟರು. ಎಲ್ಲ ಮಡಿಯಲ್ಲಿ, ಕ್ರಮವಾಗಿ, ನಮ್ಮವರ ನಡುವೆ ನಡೆಯಿತು. ಅತ್ತಿಗೆ ಎಲ್ಲಿ ಉಂಡರು ಎಂದು ಯಾರೂ ಕೇಳಲಿಲ್ಲ. ಉಂಡರೇ ಎಂದೂ ಕೇಳಲಿಲ್ಲ.

ಹೆಣದ ಕಾಲು ಹಿಡಿದು ತೆಲುಗಿನಲ್ಲೇ ತಪ್ಪಾಯಿತು ಎಂದೆ, ಸುತ್ತಲಿದ್ದವರಿಗೆ ಕೇಳುವ ಹಾಗೆ. ಮೊದಲ ಸಲ ನಮ್ಮವರ ಎದುರು ಅವರ ಮಾತನ್ನು ಆಡಿದ್ದು ಆಗ. ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ಹಾಳೆಯನ್ನು ಓದಿ ಹಿಂದಕ್ಕೆ ಕೊಟ್ಟು, ನಾಲ್ಕು ದಿನ ನನ್ನ ಜೊತೆ ಮಾತಾಡಲಿಲ್ಲ. ಆಮೇಲೆ, "ಚಿಂತಾಮಣಿಗೆ ಹೋಗಿದ್ರಾ?" ಎಂದಳು. ಈಗಲೂ ಆಗಾಗ ಕೇಳುತ್ತಾಳೆ.

ಚಿಂತಾಮಣಿ ಇಲ್ಲೇ ಇದೆ. ಬಸ್ಸುಗಳಿಗೇನೂ ಕೊರತೆಯಿಲ್ಲ. ಎರಡು ಸಲ ಹೋಗಿ, ಮಂಡಿಯ ಹಿಂದಿನ ಬೀದಿಯ ತಿರುವಿನಲ್ಲಿ ನಿಂತು, ತರಕಾರಿ ಕೊಂಡು ವಾಪಸು ಬಂದಿದ್ದೇನೆ. ಹಾಳೆ ಮಡಿಕೆಯ ಗೆರೆಯಲ್ಲಿ ಹರಿಯುತ್ತಿದೆ. ತಪ್ಪಾಯಿತು ಎಂದು ನಾನು ಇಂದಿಗೂ ಹೇಳದೆ ಉಳಿದಿರುವುದು ಒಬ್ಬರಿಗೆ, ನಾನು ಮನೆಕೆಲಸದವರೆಂದು ಕರೆದ ಆ ನರ್ಸಮ್ಮನಿಗೆ.