ಎಲ್ಲಕ್ಕೂ ಸೇರಿಸಿ ಒಂದು ಕ್ಷಮೆ

ಸ್ವೀಡನ್ನಿನ ನಾರ್‌ಶೋಪಿಂಗ್‌ನ ಆ ಅಜ್ಜಿಯ ಮನೆಗೆ ನಾನೂ ಗೆಳತಿಯೂ ಹೋಗತೊಡಗಿದ್ದು ಧರ್ಮ ತಿಳಿಯುವ ಹಂಬಲದಿಂದಲ್ಲ, ಸ್ವೀಡಿಷ್ ಸ್ವಲ್ಪ ನಾಲಿಗೆಗೆ ಹತ್ತಲಿ ಎಂದು. ಅಜ್ಜಿ ಯಹೂದಿ, ನಿವೃತ್ತ ಟೀಚರ್. ತಮ್ಮ ಧರ್ಮಗ್ರಂಥವನ್ನು ಭಾಗ ಭಾಗವಾಗಿ, ಹಬ್ಬಗಳ ಜೊತೆ ಜೊತೆಗೇ ಒಂದು ವರ್ಷದಲ್ಲಿ ಓದಿ ಮುಗಿಸುವುದು ಅವರ ಪದ್ಧತಿ. ಬಂದವರಿಗೆಲ್ಲ ಅದನ್ನು ಸ್ವೀಡಿಷ್‌ನಲ್ಲಿ ಓದಿಸುತ್ತಿದ್ದರು. ಲೈಬ್ರರಿಯಲ್ಲಿ ಅಂಟಿಸಿದ್ದ ಚೀಟಿ ನೋಡಿ, "ಕಾಫಿ, ಬನ್ ಕೊಡ್ತಾರಂತೆ, ಬಾರೇ" ಎಂದು ನನ್ನನ್ನು ಎಳೆದುಕೊಂಡು ಹೋದವಳು ಗೆಳತಿಯೇ. ಇಬ್ಬರೂ ಬೆಂಗಳೂರಿನವರು. ಲಿನ್‌ಶೋಪಿಂಗ್‌ನ ಒಂದೇ ಆಫೀಸು, ಒಂದೇ ಟೀಮು.

ಅಲ್ಲಿ ಒಬ್ಬೊಬ್ಬರೇ ಓದುವಂತಿಲ್ಲ. ಜೋಡಿಯಾಗಿ ಕೂತು ಸಾಲು ಸಾಲಿಗೂ ವಾದ ಮಾಡಬೇಕು. ಅದನ್ನೇನು ನಮಗೆ ಹೇಳಿಕೊಡಬೇಕಿರಲಿಲ್ಲ. ಸ್ವೀಡಿಷ್‌ನಲ್ಲಿ ಶುರುವಾದದ್ದು ಎರಡೇ ನಿಮಿಷಕ್ಕೆ ಕನ್ನಡಕ್ಕೆ ಇಳಿಯುತ್ತಿತ್ತು. ಒಂದು ಮಾತೂ ಅರ್ಥವಾಗದಿದ್ದರೂ ಅಜ್ಜಿಗೆ ನಮ್ಮ ಗದ್ದಲ ಕೇಳುವುದೇ ಖುಷಿ. ಚಳಿಗಾಲದ ಹಬ್ಬದಲ್ಲಿ ಅವರು ದಿನಕ್ಕೊಂದು ದೀಪ ಹೆಚ್ಚಿಸುವುದನ್ನು ಕಂಡು ಗೆಳತಿ, "ದೀಪಾವಳೀನ ಕಂತಲ್ಲಿ ಮಾಡ್ತಾರೆ ಕಣೇ" ಎಂದಿದ್ದಳು. ನಕ್ಕು ನಕ್ಕು ನನ್ನ ಕಾಫಿ ಚೆಲ್ಲಿತ್ತು.

ವಸಂತದಲ್ಲಿ ಚರ್ಮದ ಕಲೆಗಳ ಬಗೆಗಿನ ಭಾಗ ಬಂತು. ಬೆನ್ನ ಹಿಂದೆ ಆಡಿದ ಮಾತಿಗೆ ಸಿಗುವ ಶಿಕ್ಷೆ ಆ ಕಲೆ ಎಂದು ಹಿಂದಿನವರು ಅರ್ಥ ಮಾಡಿದ್ದಾರಂತೆ. ಆಡಿದ್ದು ನಿಜವೇ ಆಗಿದ್ದರೂ ತಪ್ಪು ತಪ್ಪೇ ಎಂದರು ಅಜ್ಜಿ. ಗೆಳತಿ ಒಪ್ಪಲಿಲ್ಲ. "ನಿಜ ಹೇಳಿದ್ರೆ ಅದ್ಹೇಗೆ ತಪ್ಪಾಗುತ್ತೆ?" ಎಂದು ಪಟ್ಟು ಹಿಡಿದಳು. ಅಂದು ವಾದದಲ್ಲಿ ನಾನೇ ಸೋತೆ.

ಅದೇ ಸಂಜೆ ವಾಪಸ್ ಬರುವ ರೈಲಿನಲ್ಲಿ ಅವಳಿಗೆ ಹೇಳಿಬಿಟ್ಟೆ: ಎಸ್ಕಿಲ್‌ಸ್ಟುನಾದ ಒಂದು ಕಂಪನಿಗೆ ಅರ್ಜಿ ಹಾಕಿದ್ದೇನೆ, ಯಾರಿಗೂ ಹೇಳಬೇಡ. ನನ್ನ ವರ್ಕ್ ಪರ್ಮಿಟ್ ಆಗಿನ ಆಫೀಸಿಗೆ ಕಟ್ಟಿಕೊಂಡಿತ್ತು; ಆ ಕೆಲಸ ಹೋದರೆ ದೇಶವನ್ನೇ ಬಿಡಬೇಕಾಗಬಹುದಿತ್ತು. ಮಗಳು ಇಲ್ಲಿನ ಶಿಶುವಿಹಾರ ಡಾಗಿಸ್‌ನ ಬಾಗಿಲಲ್ಲಿ ಅಳುವುದನ್ನು ಆಗಷ್ಟೇ ನಿಲ್ಲಿಸಿದ್ದಳು. "ನನ್ನ ಹತ್ರ ಹೇಳಿದ್ದು ಗೋಡೆಗೆ ಹೇಳ್ದಂಗೆ" ಎಂದಳು ಗೆಳತಿ.

ಬೇಸಿಗೆಯ ಒಂದು ಫಿಕಾದಲ್ಲಿ, ಎಲ್ಲರೂ ಕಾಫಿ ಹಿಡಿದು ಹರಟುತ್ತಿದ್ದಾಗ, ಮ್ಯಾನೇಜರ್ ನನ್ನ ಪಕ್ಕಕ್ಕೆ ಬಂದು, ಎಸ್ಕಿಲ್‌ಸ್ಟುನಾ ಒಳ್ಳೆಯ ಊರಂತೆ ಎಂದು ನಕ್ಕರು. ಗಂಡನನ್ನು ಬಿಟ್ಟರೆ ವಿಷಯ ಗೊತ್ತಿದ್ದದ್ದು ಅವಳೊಬ್ಬಳಿಗೇ. ಆ ಕೆಲಸ ನನಗೆ ಸಿಗಲಿಲ್ಲ. ಇತ್ತ ಮ್ಯಾನೇಜರ್, ಹೇಗೂ ಹೊರಡುವವಳು ಎಂದು, ಇದ್ದ ಕಾಂಟ್ರ್ಯಾಕ್ಟನ್ನು ಮುಂದುವರಿಸುವುದಿಲ್ಲ ಎಂದರು. ನನ್ನ ಪ್ರಾಜೆಕ್ಟು ಅವಳ ಪಾಲಾಯಿತು. "ಛೆ, ಹೀಗಾಗ್ಬಾರ್ದಿತ್ತು" ಎಂದು ನನ್ನ ಭುಜ ಸವರಿದಳು. ಆ ಕೈಯನ್ನು ತಳ್ಳಲಾಗದ ನನ್ನ ಮೇಲೇ ನನಗೆ ಸಿಟ್ಟು ಬಂತು. ಅವಳೇ ಬಾಯಿಬಿಟ್ಟು ಹೇಳಲಿ ಎಂದು ಕಾದೆ. ನಾರ್‌ಶೋಪಿಂಗ್‌ಗೆ ಹೋಗುವುದನ್ನೂ ಬಿಡಲಿಲ್ಲ.

ಶರತ್ಕಾಲಕ್ಕೆ ಅವರ ಹೊಸ ವರ್ಷ ಬಂತು. ಮೇಜಿನ ಮೇಲೆ ಸೇಬಿನ ಹೋಳು, ಬಟ್ಟಲಲ್ಲಿ ಜೇನು. ಹತ್ತನೇ ದಿನದ ಉಪವಾಸ ಬರುವುದರೊಳಗೆ, ನೋಯಿಸಿದವರ ಬಳಿಗೆ ತಾವೇ ಹೋಗಿ, ಇಂಥ ತಪ್ಪು ಎಂದು ಹೇಳಿ ಕ್ಷಮೆ ಕೇಳಬೇಕು, ಮನುಷ್ಯರಿಗೆ ಮಾಡಿದ್ದನ್ನು ದೇವರು ಮನ್ನಿಸುವುದಿಲ್ಲ ಎಂದರು ಅಜ್ಜಿ. ನಾನು ಗೆಳತಿಯತ್ತ ನೋಡಿದೆ. ಒಂದು ಮಾತು ಅವಳ ಬಾಯಿಂದ ಬಂದಿದ್ದರೆ ಸಾಕಿತ್ತು, ನಿಜವಾಗಿಯೂ ಕ್ಷಮಿಸಿಬಿಡುತ್ತಿದ್ದೆ. ನನಗೆ ಅವಳು ಬೇಕಾಗಿದ್ದಳು.

ಅವಳು ಮೇಜಿನ ಸುತ್ತ ಎಲ್ಲರಿಗೂ ಸ್ವೀಡಿಷ್‌ನಲ್ಲಿ ಒಂದೇ ಮಾತು ಹೇಳುತ್ತಾ ಬಂದಳು. ನನ್ನ ಮುಂದೆ ನಿಂತು, ಜೇನಿನಲ್ಲಿ ಅದ್ದಿದ ಹೋಳನ್ನು ಕೈಗಿಟ್ಟು, ಅದನ್ನೇ ಕನ್ನಡದಲ್ಲಿ ಅಂದಳು. "ತಿಳ್ದೋ ತಿಳೀದೇನೋ ಏನಾದ್ರೂ ತಪ್ಪಾಗಿದ್ರೆ ಕ್ಷಮಿಸ್ಬಿಡು ಕಣೇ."

"ಯಾವ ತಪ್ಪು?"

"ಯಾವ್ದಾದ್ರೂ. ಎಲ್ಲಕ್ಕೂ ಸೇರ್ಸಿ."

"ಮ್ಯಾನೇಜರ್‌ಗೆ ಹೇಳಿದ್ದಕ್ಕೂ ಸೇರ್ಸಿನಾ?"

ಅವಳ ಮುಖ ಕೆಂಪಾಯಿತು. "ಅವ್ರೇ ಕೇಳಿದ್ರು. ನಾನೇನ್ ಸುಳ್ಳು ಹೇಳಿದ್ನಾ?"

"ಗೋಡೆಗೆ ಹೇಳ್ದಂಗೆ ಅಂದಿದ್ದೆ ನೀನು."

ಇಬ್ಬರ ದನಿಯೂ ಏರಿತ್ತು. ಎದುರು ಕೂತಿದ್ದ ಅಜ್ಜಿ ಕಾಫಿ ಬಗ್ಗಿಸುವುದನ್ನು ನಿಲ್ಲಿಸಿ, ಖುಷಿಯಿಂದ ನಮ್ಮತ್ತ ಕೈ ತೋರಿಸಿ ಉಳಿದವರಿಗೆ ಹೇಳಿದರು:

"ನೋಡಿ, ಓದುವ ಜೋಡಿ ಎಂದರೆ ಹೀಗಿರಬೇಕು."

ಸೇಬಿನ ಹೋಳನ್ನು ತಟ್ಟೆಗೆ ವಾಪಸ್ ಇಟ್ಟು ನಾನು ಕೋಟು ಹಾಕಿಕೊಂಡೆ. ರೈಲು ನಿಲ್ದಾಣದವರೆಗೂ ಬೆರಳುಗಳು ಅಂಟಂಟಾಗಿದ್ದವು.